ದಡಿಯ ಕಡೆ ಕೂತವಳು

ಫೆಬ್ರವರಿ 3, ಸೋಮವಾರ, ಭೀಮಿಲಿ

ಅಂತೂ ಬಂದು ಮುಟ್ಟಿದೆವು. ರೈಲಿನಲ್ಲಿ ಇವರನ್ನು ಕೆಳಗಿನ ಬರ್ತಿನಲ್ಲಿ ಮಲಗಿಸಿ ನಾನು ಕಾಲ ಬಳಿ ಮುದುಡಿಕೊಂಡು ಕೂತು ಬಂದೆ. ಬೆನ್ನು ಹಿಡಿದುಕೊಂಡಿದೆ. ಎದುರು ಸೀಟಿನವನೊಬ್ಬ ಇವರನ್ನು ಬಹಳ ಹೊತ್ತು ನೋಡಿ, "ಅಂಕಲ್ ಎಷ್ಟು ಶಾಂತ ಮನುಷ್ಯ" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಶಾಂತ ಮನುಷ್ಯನ ಬಾಯಿಗೆ ಹೆದರಿ ಗದ್ವಾಲದಲ್ಲಿ ನಮ್ಮ ಓಣಿಯ ನಾಯಿ ಕೂಡ ಮಗ್ಗದ ಕೋಣೆಯ ಕಡೆ ಸುಳಿಯುತ್ತಿರಲಿಲ್ಲ.

ದಸರೆಗೆ ಮುಂಚೆ ಒಂದು ಬೆಳಿಗ್ಗೆ ಮಗ್ಗದಲ್ಲಿ ಕೂತವರು ಹಾಗೆಯೇ ಬಲಕ್ಕೆ ವಾಲಿದರು. ಲಾಳಿ ಕೈಯಲ್ಲೇ ಇತ್ತು. ದವಾಖಾನೆಯಲ್ಲಿ ಜೀವ ಉಳಿಯಿತು, ಚೌಡಮ್ಮ ತಾಯಿಯ ದಯೆ. ಬಲಗೈಗೆ ಸ್ವಲ್ಪ ಸ್ವಲ್ಪ ಶಕ್ತಿ ಬಂದಿದೆ, ಕಾಲು ಎಳೆದುಕೊಂಡು ನಡೆಯುತ್ತಾರೆ. ಮಾತು ಮಾತ್ರ ಹೋಯಿತು. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. "ಬರಬಹುದು, ಬರದೆಯೂ ಇರಬಹುದು" ಅಂದರು ಡಾಕ್ಟರು. ಇಷ್ಟು ಹೇಳುವುದಕ್ಕೆ ಅಷ್ಟೆಲ್ಲ ಓದಬೇಕಿತ್ತೇ?

ಇಲ್ಲಿಗೆ ಕರೆಸಿಕೊಂಡವಳು ಪ್ರಶಾಂತಿ. ನಮ್ಮ ಓಣಿಯಲ್ಲೇ ಆಡಿ ಬೆಳೆದ ಹುಡುಗಿ, ಮದುವೆಯಾಗಿ ಈ ಸಮುದ್ರದ ದಂಡೆಗೆ ಬಂದು ಬಿದ್ದಳು. ಗಂಡನ ಮನೆಯವರ ಹಳೆಯ ಬಂಗಲೆಯನ್ನು ಗೆಸ್ಟ್ ಹೌಸ್ ಮಾಡಿಕೊಂಡಿದ್ದಾಳೆ. "ಚಿಗವ್ವ, ಕಾಕಾನ್ನ ಕರಕೊಂಡು ಬಾ. ಗಾಳಿ ಬದಲಾದ್ರ ಮನುಷ್ಯಾನೂ ಬದಲಾಗತಾನ" ಅಂತ ಫೋನಿನಲ್ಲಿ ಹಟ ಹಿಡಿದಳು. ಮಗಳು ರಜಿತಾ ಮಖ್ತಲಿನಿಂದ ಬಂದು ಚೀಲ ಕಟ್ಟಿಕೊಟ್ಟಳು, ಜೊತೆಗೆ ಈ ಡೈರಿ. "ಅಪ್ಪನ ಕೂಡ ಜಗಳಾಡಾಕ ಆಗಂಗಿಲ್ಲಲ್ಲ ಅವ್ವಾ, ಇದರ ಕೂಡ ಆಡು."

ಸಮುದ್ರ ನೋಡಿದೆ. ಜೂರಾಲ ಅಣೆಕಟ್ಟಿನ ಗೇಟುಗಳನ್ನೆಲ್ಲ ಎತ್ತಿದಾಗ ಆಗುವಂಥ ಸದ್ದು. ಆದರೆ ಇಲ್ಲಿ ಗೇಟು ಇಳಿಸುವವರು ಯಾರೂ ಇಲ್ಲ. ತಲೆ ಸಿಡಿಯುತ್ತಿದೆ.

ಫೆಬ್ರವರಿ 4, ಮಂಗಳವಾರ

ಇವತ್ತು ಇವರ ಮೇಲೆ ಸಿಟ್ಟು ಬಂದಿದೆ. ಬರೆದೇ ತೀರುತ್ತೇನೆ.

ಊಟದ ಹಾಲಿನಲ್ಲಿ ಪ್ರಶಾಂತಿ ತನ್ನ ಮದುವೆಯ ಸೀರೆಯನ್ನು ಗಾಜಿನ ಚೌಕಟ್ಟಿಲ್ಲದೆ, ಗೋಡೆಯ ಮೇಲೆ ಬಿದಿರಿನ ಕೋಲಿಗೆ ಇಳಿಬಿಟ್ಟಿದ್ದಾಳೆ. ನಾವೇ ನೇಯ್ದದ್ದು. ಹತ್ತಿಯ ಒಡಲು, ಎರಡೂ ಬದಿಗೆ ರೇಷ್ಮೆಯ ದಡಿ, ಎಲೆಹಸಿರಿಗೆ ಕುಂಕುಮ. ಗದ್ವಾಲದ ಇಂಥ ಸೀರೆ ಒಬ್ಬರಿಂದ ಆಗುವುದಲ್ಲ. ಇವರು ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಳಿಬಿಟ್ಟು ಒಡಲು ನೇಯಬೇಕು, ನಾನು ಎಡಕ್ಕೆ ಕೂತು ದಡಿಯ ಲಾಳಿ ಹಾಕಬೇಕು. ಒಡಲಿನ ನೂಲಿಗೂ ದಡಿಯ ರೇಷ್ಮೆಗೂ ಪ್ರತಿ ಸಾಲಿನಲ್ಲಿ ಕೊಂಡಿ ಬೀಳಬೇಕು. ಕೊಂಡಿ ಹಾಕಿ ನಾನು ಬಿಗಿಯಾಗಿ ಎಳೆಯಬೇಕು. ಒಂದು ಗಳಿಗೆ ತಡವಾದರೆ ಶುರು: "ಎಲ್ಲಿ ನೋಡಾಕತ್ತಿ? ಎಳಿ!"

ಮದುವೆಯಾಗಿ ಬಂದಾಗಿನಿಂದ ಇದೇ. ನಾನೂ ಬಿಡುತ್ತಿರಲಿಲ್ಲ. "ಇಲ್ಲೇ ಅದೀನ್ರೀ, ಎಲ್ಲಿ ಹೋಗಲಿ?" ಅಂತ ತಟ್ಟನೆ ಜವಾಬು ಕೊಡುತ್ತಿದ್ದೆ. ಹೀಗೆ ಎಷ್ಟು ಸೀರೆ ನೇಯ್ದೆವೋ.

ಆ ಸೀರೆಯ ಮುಂದೆ ಇವರು ಬಹಳ ಹೊತ್ತು ನಿಂತರು. ನೆನಪು ಬಂತೇನೋ, ಕಣ್ಣು ತುಂಬೀತು ಅಂತ ನಾನು ಹತ್ತಿರ ಹೋದೆ. ಇವರು ಎಡಗೈಯ ಬೆರಳನ್ನು ದಡಿಯ ಮೇಲೆ ಮೆಲ್ಲಗೆ ಇಳಿಸುತ್ತ ಇಳಿಸುತ್ತ ಮೊಣಕಾಲಿನ ಎತ್ತರಕ್ಕೆ ಬಂದು ಒಂದು ಕಡೆ ನಿಲ್ಲಿಸಿದರು. ಅಲ್ಲಿ ಕೊಂಡಿ ಸಡಿಲವಾಗಿದೆ. ನನ್ನ ಕೈ ತಡವಾದ ಜಾಗ. ಬೆರಳು ಅಲ್ಲಿಟ್ಟು ತಿರುಗಿ ನನ್ನನ್ನು ನೋಡಿದರು!

ಮಾತು ಹೋದರೂ ನನ್ನ ತಪ್ಪು ಹುಡುಕುವ ಬೆರಳು ಹೋಗಿಲ್ಲ. ಪ್ರಶಾಂತಿ ಬಿದ್ದು ಬಿದ್ದು ನಕ್ಕಳು. ನಾನು ಅಡುಗೆಮನೆಗೆ ಎದ್ದು ಹೋದೆ.

ಫೆಬ್ರವರಿ 6, ಗುರುವಾರ

ಪ್ರಶಾಂತಿ ಒಂದು ಆಟೋ ಗೊತ್ತುಮಾಡಿ ಕೊಟ್ಟಿದ್ದಾಳೆ. ಓಡಿಸುವವನ ಹೆಸರು ಶ್ರೀನು, ಬಾಯಿಗೆ ಬ್ರೇಕಿಲ್ಲದ ಮನುಷ್ಯ. ಇವರನ್ನು "ಬಾಬಾಯ್" ಅಂತ, ಚಿಕ್ಕಪ್ಪ ಅನ್ನುವ ಹಾಗೆ, ಕರೆಯುತ್ತಾನೆ. "ಏಂ ಬಾಬಾಯ್, ಸಮುದ್ರಂ ಬಾಗುಂದಾ?" ಅಂದ. ಚೆನ್ನಾಗಿದೆಯಂತೆ, ಅವರಿಗೆ ಇಷ್ಟವಾಗಿದೆ ಅಂತ ನಾನೇ ತೆಲುಗಿನಲ್ಲಿ ಹೇಳಿದೆ. "ಟೀ ತಾಗುತಾರಾ ಬಾಬಾಯ್?" ಕುಡಿಯುತ್ತಾರೆ, ಸಕ್ಕರೆ ಕಮ್ಮಿ ಹಾಕಿಸು ಅಂದೆ. ಮತ್ತೆ ಯಾರು ಹೇಳಬೇಕು?

ಡಚ್ಚರ ಗೋರಿಗಳನ್ನು ತೋರಿಸಿದ. ಚೂಪು ತಲೆಯ ದೊಡ್ಡ ದೊಡ್ಡ ಗೋರಿಗಳು, ಮೇಲೆ ಯಾರಿಗೂ ಓದಲು ಬಾರದ ಅಕ್ಷರ. ಬಟ್ಟೆಯ ವ್ಯಾಪಾರಕ್ಕೆ ಬಂದವರಂತೆ. ನಮ್ಮಂಥ ನೇಕಾರರ ಬಟ್ಟೆಗಾಗಿ ಇಷ್ಟು ನೀರು ದಾಟಿ ಬಂದು, ಇಲ್ಲೇ ಮಣ್ಣಾದರು. ಅವರ ಊರಿನಲ್ಲಿ ಹೆಂಡಂದಿರು ಬಾಗಿಲಲ್ಲಿ ನಿಂತು ಕಾಯುತ್ತಿದ್ದಿರಬೇಕು. ಹಡಗು ಬಂತೆಂದರೆ ಓಡಿ ಹೋಗಿ ನೋಡುತ್ತಿದ್ದಿರಬೇಕು.

ಅವರ ಗಂಡಂದಿರು ದೂರ ಇದ್ದರು. ನನ್ನವರು ಪಕ್ಕದಲ್ಲೇ ಕಲ್ಲಿನ ಮೇಲೆ ಕೂತಿದ್ದರು. ಆದರೂ ಆ ಹೆಂಗಸರ ಹೊಟ್ಟೆಯ ಸಂಕಟ ನನಗೆ ತಿಳಿದಂತಾಯಿತು. ಇವರ ದನಿ ಕೇಳದೆ ಚಳಿಗಾಲವೆಲ್ಲ ಕಳೆಯಿತು.

ಫೆಬ್ರವರಿ 7, ಶುಕ್ರವಾರ

ಮಾತು ಕಲಿಸುವ ಮೇಡಂ ಕೊಟ್ಟ ಚಿತ್ರದ ಕಾರ್ಡುಗಳನ್ನು ದಿನಾ ತೋರಿಸಬೇಕು. ಸೇಬು. ಕೊಡೆ. ಬೆಕ್ಕು. "ಹೇಳ್ರಿ, ಸೇ... ಬು." ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಮತ್ತೆ ತೋರಿಸಿದೆ. ಕಾರ್ಡನ್ನು ಕಸಿದು ನೆಲಕ್ಕೆ ಎಸೆದರು.

ಎಸೆಯಲಿ. ನನಗೇನು.

ಫೆಬ್ರವರಿ 10, ಸೋಮವಾರ

ತೊಟ್ಲಕೊಂಡಕ್ಕೆ ಹೋಗಿದ್ದೆವು. ಗುಡ್ಡದ ಮೇಲೆ ಹಳೆಯ ಕಾಲದ ಬೌದ್ಧ ಸನ್ಯಾಸಿಗಳ ವಿಹಾರ. ಈಗ ಗೋಡೆಗಳ ಬುಡ ಮಾತ್ರ ಉಳಿದಿದೆ. ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಕೋಣೆ, ಎದುರಿಗೆ ಸಮುದ್ರ. ಮಾತಾಡದೆ ಧ್ಯಾನ ಮಾಡುತ್ತ ಕೂತಿರುತ್ತಿದ್ದರು ಅಂತ ಶ್ರೀನು ಭಕ್ತಿಯಿಂದ ಹೇಳಿದ. ಅವರಿಗೇನಪ್ಪ, ಹೆಂಡತಿ ಇರಲಿಲ್ಲ.

ಅಲ್ಲಿರುವಾಗಲೇ ರಜಿತಾಳ ಫೋನು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ದಸರೆಯಿಂದ ಹಾಗೇ ನಿಂತಿದೆಯಲ್ಲ, ಅದರ ಮಾತು.

"ಅವ್ವಾ, ಇಲಿ ಕಡದಾವು. ಬಾಲರಾಜ ಮಾಮಾ ಬಂದು ಮುಗಿಸಿಕೊಡತೀನಿ ಅಂದಾರ. ಹೂಂ ಅನ್ನಲೇನು?"

"ಮುಗಿಸಿ?"

"ಮುಗಿಸಿ ಏನು? ಮಗ್ಗ ಬಿಚ್ಚಿ ಇಡೋಣು. ಗುಂಡಿ ಮುಚ್ಚಿಸಿದ್ರ ಅಪ್ಪಗ ಅಲ್ಲೇ ಮಂಚ ಹಾಕಬಹುದು. ಎಡವಿ ಬಿದ್ದಾರು ಅಂತ ನನಗ ಹೆದರಿಕಿ ಅವ್ವಾ."

ಹುಡುಗಿ ಹೇಳುವುದರಲ್ಲಿ ತಪ್ಪಿಲ್ಲ. ಬಾಲರಾಜನೂ ಒಳ್ಳೆಯವನೇ, ಇವರ ಸ್ವಂತ ಮಾವನ ಮಗ, ಕೈ ಚೊಕ್ಕ. ಊರಿಗೆ ಬಂದು ಹೇಳುತ್ತೇನೆ ಅಂದೆ. ಆದರೆ ಆ ಗುಂಡಿಯಲ್ಲಿ ಬೇರೆಯವರು ಕಾಲಿಳಿಬಿಡುವುದನ್ನು, ನಾನು ಅವರ ಎಡಕ್ಕೆ ಕೂಡುವುದನ್ನು ನೆನೆಯುವುದಕ್ಕೂ ನನ್ನಿಂದ ಆಗದು. ಬಾಲರಾಜ ಮೆತ್ತಗಿನ ಮನುಷ್ಯ. ತಡವಾದರೆ "ಪರವಾಗಿಲ್ಲ ಅಕ್ಕಾ" ಅಂತಾನೆ. ಪರವಾಗಿಲ್ಲ ಅಂತ ಯಾರಾದರೂ ಅಂದರೆ ನಾನು ಸತ್ತೇ ಹೋಗುತ್ತೇನೆ.

ನನಗೆ ಬೈಗುಳ ಬೇಕು. ಇವರ ಬಾಯಿಂದ ಒಂದೇ ಒಂದು ಬೈಗುಳ. ಊರು ಬೇಕು, ಮಗ್ಗದ ಸದ್ದು ಬೇಕು, ಬೆಳಿಗ್ಗೆ ನೂಲಿಗೆ ಹಚ್ಚುವ ಗಂಜಿಯ ವಾಸನೆ ಬೇಕು. ಅಷ್ಟೇ.

ಫೆಬ್ರವರಿ 12, ಬುಧವಾರ

ಸಂಜೆ ದಂಡೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಇವರನ್ನು ಕೂಡಿಸಿದ್ದೆ. ಪ್ರಶಾಂತಿ ಮಂಡಾಳಿಗೆ ಈರುಳ್ಳಿ ಖಾರ ಕಲಸಿಕೊಂಡು ಬಂದಳು. ಕೂತವಳೇ ನನಗೇ ಪಾಠ ಶುರು ಮಾಡಿದಳು.

"ಚಿಗವ್ವ, ಒಂದು ಮಾತು ಹೇಳಲೇನು? ಸಿಟ್ಟಾಗಬ್ಯಾಡ."

"ಸಿಟ್ಟಾಗೋ ಮಾತಿದ್ರ ಆಗತೀನಿ. ಹೇಳು."

"ಯಾರೇನು ಕೇಳಿದ್ರೂ ಕಾಕಾ ಬಾಯಿ ತೆಗೆಯೂದ್ರಾಗ ನೀನ ಜವಾಬು ಕೊಡತಿ. ಅವರಿಗೆ ಜಾಗಾನ ಬಿಡಂಗಿಲ್ಲ."

ಕೇಳಿದಿರಾ! ನಿನ್ನೆ ಮೊನ್ನೆ ಲಂಗ ಹಾಕಿಕೊಂಡು ನಮ್ಮ ಮನೆಯಲ್ಲಿ ನೂಲುಂಡೆ ಕದ್ದು ಓಡುತ್ತಿದ್ದವಳು ನನಗೆ ಬುದ್ಧಿ ಹೇಳುತ್ತಾಳೆ. "ಬಾಯಿಲ್ಲದವರಿಗೆ ನಾನು ಬಾಯಿ ಆಗೀನಿ" ಅಂದೆ. ಅವಳು ಮಂಡಾಳಿನ ತಟ್ಟೆಯನ್ನು ಇವರ ಕಡೆ ಸರಿಸಿದಳು.

ಇವರ ಬಲಗಾಲು ಬೇರೆ ಈಚೆಗೆ ಅದುರುತ್ತಿದೆ. ಅಲೆ ಬಂದಾಗೊಮ್ಮೆ ಹಿಮ್ಮಡಿ ಎತ್ತುತ್ತಾರೆ, ಹಿಂದೆ ಸರಿದಾಗ ಮರಳಿನೊಳಗೆ ಒತ್ತುತ್ತಾರೆ. ಅಲೆ ಬಂತು, ಎತ್ತಿದರು. ಹೋಯಿತು, ಒತ್ತಿದರು. ಮಗ್ಗದ ಕಾಲುಹಲಗೆ ತುಳಿದ ಹಾಗೆ. ನರದ ತೊಂದರೆಯೋ ಏನೋ, ಊರಿಗೆ ಹೋದ ಮೇಲೆ ಡಾಕ್ಟರಿಗೆ ತೋರಿಸಬೇಕು. ಚಪ್ಪಲಿಯೊಳಗೆ ಮರಳು ತುಂಬಿಕೊಳ್ಳುತ್ತದೆ, ತೊಳೆಯುವುದು ನನ್ನ ಪಾಲಿಗೆ.

ಫೆಬ್ರವರಿ 13, ಗುರುವಾರ

ಶ್ರೀನು ದೀಪಸ್ತಂಭ ತೋರಿಸಿದ. ಆಮೇಲೆ ಟೀ ಅಂಗಡಿ. "ಬಾಬಾಯ್, ಟೀ ಎನ್ನಿ?" ಅಂದ, ಎಷ್ಟು ಬೇಕು ಅಂತ. ನನ್ನ ಬಾಯಲ್ಲಿ ಶೇಂಗಾ ಇತ್ತು. ಅಷ್ಟರಲ್ಲಿ ಇವರು ಎರಡು ಬೆರಳು ಎತ್ತಿ ತೋರಿಸಿ, ಅವನ ಕಡೆ ನೋಡಿ, ಮೂರು ಮಾಡಿದರು. ಶ್ರೀನುಗೂ ಸೇರಿಸಿ.

ಟೀ ಸಕ್ಕರೆ ಪಾಕದಂತಿತ್ತು. ಸಕ್ಕರೆ ಕಮ್ಮಿ ಅಂತ ಹೇಳಬೇಕೆಂದಿದ್ದೆ, ಮರೆತೆ.

ಫೆಬ್ರವರಿ 15, ಶನಿವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಎದೆ ಒಡೆದೀತು.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಸಾರು ಇವರ ಅಂಗಿಯ ಮೇಲೆ ಚೆಲ್ಲಿತು. ಒರೆಸಲು ಹೋದರೆ ನನ್ನ ಕೈಯನ್ನು ತಳ್ಳಿದರು. ನನಗೆ ಎಲ್ಲಿತ್ತೋ ಸಿಟ್ಟು. "ತಳ್ಳಬ್ಯಾಡ್ರಿ! ಬೈರಿ! ಬಾಯಿಂದ ಬೈರಿ! ನಾಯಿಗೆ ಬೈದ್ರಿ, ನೂಲಿಗೆ ಬಣ್ಣ ಹಾಕೋರಿಗೆ ಬೈದ್ರಿ, ಗಾಳಿಗೆ ಬೈದ್ರಿ, ನನಗೊಂದು ಉಳಿಸಲಿಲ್ಲೇನ್ರಿ?" ಅಂತ ಕೂಗಿಬಿಟ್ಟೆ. ಬೇರೆ ಕೋಣೆಯ ಗೆಸ್ಟುಗಳು ತಿರುಗಿ ನೋಡಿದರು. ನೋಡಲಿ.

ಇವರು ಬಾಯಿ ತೆರೆದರು. ತುಟಿ ನಡುಗಿತು, ಕುತ್ತಿಗೆಯ ನರ ಉಬ್ಬಿತು. ಏನೂ ಬರಲಿಲ್ಲ. ಬರೀ ಉಸಿರು. ಕಣ್ಣಿಂದ ನೀರು ಇಳಿಯಿತು. ಮದುವೆಯಾದಾಗಿನಿಂದ ಇವರ ಕಣ್ಣಲ್ಲಿ ನೀರು ಕಂಡವಳಲ್ಲ ನಾನು.

ಆಮೇಲೆ ಸೆರಗಿನಿಂದ ಮುಖ ಒರೆಸಿದೆ. ಈ ಸಲ ತಳ್ಳಲಿಲ್ಲ. ಕೋಣೆಗೆ ಬಂದು ಮಂಚದ ಮೇಲೆ ಅಕ್ಕಪಕ್ಕ ಕೂತೆವು. ಕಾರ್ಡುಗಳನ್ನು ತೆಗೆಯಲಿಲ್ಲ. ನಾನೂ ಮಾತಾಡಲಿಲ್ಲ. ಕಿಟಕಿಯಲ್ಲಿ ಬಿಸಿಲು ಇಳಿಯುವ ತನಕ ಹಾಗೇ ಕೂತಿದ್ದೆವು. ಇಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ದು ಹುಟ್ಟಿದ ಮೇಲೆ ಇದೇ ಮೊದಲಿರಬೇಕು. ತಲೆನೋವು ಇತ್ತು, ಅದಕ್ಕೇ ಇರಬೇಕು.

ರಜಿತಾಗೆ ಮೆಸೇಜು ಹಾಕಿದೆ: ಬಾಲರಾಜ ಮಾಮನಿಗೆ ಹೂಂ ಅಂತ ಹೇಳು.

ಫೆಬ್ರವರಿ 17, ಸೋಮವಾರ

ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಅಕ್ಷರ ಸೊಟ್ಟ ಬಿದ್ದರೆ ಬೀಳಲಿ.

ಬೆಳಿಗ್ಗೆ ಪ್ರಶಾಂತಿ ಮೀನು ಕೊಳ್ಳಲು ಹೊರಟಿದ್ದಳು, ನಮ್ಮನ್ನೂ ಕರೆದುಕೊಂಡು ಹೋದಳು. ದಂಡೆಯಲ್ಲಿ ದೊಡ್ಡ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಸಮುದ್ರದೊಳಗೆ ಅರ್ಧಚಂದ್ರದಂತೆ ಬಲೆ ಬಿಟ್ಟು ಬಂದಿರುತ್ತಾರೆ. ಅದರ ಎರಡು ತುದಿಗೆ ಎರಡು ಹಗ್ಗ. ದಂಡೆಯ ಮೇಲೆ ಬಲಗಡೆ ಒಂದು ಸಾಲು ಜನ, ಎಡಗಡೆ ಒಂದು ಸಾಲು. ಎರಡೂ ಕಡೆಯವರು ಒಂದೇ ಸಮನೆ ಎಳೆಯಬೇಕು. ಒಂದು ಕಡೆ ಸಡಿಲಾದರೆ ಬಲೆ ವಾಲಿ ಮೀನೆಲ್ಲ ಹೊರಗೆ.

ಇವರ ಕುರ್ಚಿ ನಡುವೆ ಇತ್ತು. ಕುರ್ಚಿಯ ತುದಿಗೆ ಬಂದು ಕೂತು, ಒಮ್ಮೆ ಆ ಸಾಲು ಒಮ್ಮೆ ಈ ಸಾಲು ನೋಡುತ್ತಿದ್ದರು. ಬಲಗಾಲು ಮರಳನ್ನು ತುಳಿಯುತ್ತಲೇ ಇತ್ತು.

ಎಡಗಡೆಯ ಸಾಲಿನಲ್ಲಿ ಜನ ಕಮ್ಮಿ ಬಿದ್ದರು. ಒಬ್ಬ ಹೆಂಗಸು ನನ್ನನ್ನು ನೋಡಿ, "ರಾ ಅಕ್ಕಾ, ಪಟ್ಟು!" ಅಂತ ಕೂಗಿದಳು. ಬಾ, ಹಿಡಿ ಅಂತ. ಪ್ರಶಾಂತಿ ಹಿಂದಿನಿಂದ ನೂಕಿದಳು. ಸೀರೆ ಎತ್ತಿ ಸಿಕ್ಕಿಸಿಕೊಂಡು ನಾನೂ ಹಗ್ಗ ಹಿಡಿದೆ. ಒದ್ದೆ ಹಗ್ಗ, ಅಂಗೈ ಉರಿಯುತ್ತಿತ್ತು. ಮೊದಮೊದಲು ಅವರ ಲಯ ಸಿಗಲಿಲ್ಲ, ಆಮೇಲೆ ಸಿಕ್ಕಿತು. ಎಳೆದೆವು, ಎಳೆದೆವು. ನಡುವೆ ದೂರದಲ್ಲಿ ಒಂದು ಹಡಗು ಕಾಣಿಸಿತು. ಬೆಳ್ಳಗಿನದು, ನಿಂತಿದೆಯೋ ಹೋಗುತ್ತಿದೆಯೋ ತಿಳಿಯದಂಥದ್ದು. ಆ ಡಚ್ಚರ ಹೆಂಗಸರ ನೆನಪಾಯಿತು. ನನ್ನ ಕೈ ಎಲ್ಲಿತ್ತೋ, ಮನಸ್ಸು ಎಲ್ಲಿತ್ತೋ.

"ಎಲ್ಲಿ ನೋಡಾಕತ್ತಿ? ಎಳಿ!"

ದಪ್ಪ ದನಿ, ನಾಲಗೆ ಹೊರಳದ ದನಿ. ಮೊದಲು ನನಗೆ ಏನೂ ಅನ್ನಿಸಲೇ ಇಲ್ಲ. ದಿನಾ ಕೇಳುವ ಮಾತಲ್ಲವೇ ಅದು! ತಟ್ಟನೆ ಕೈ ಹಗ್ಗವನ್ನು ಬಿಗಿದು ಎಳೆದೂ ಆಗಿತ್ತು. ಆಮೇಲೆ ತಿರುಗಿ ನೋಡಿದೆ.

ಇವರು ಕುರ್ಚಿಯಿಂದ ಎದ್ದು ನಿಂತಿದ್ದರು. ಮುಖ ಕೆಂಪಾಗಿತ್ತು. ಎಡಗೈ ನನ್ನ ಸಡಿಲು ಹಗ್ಗದ ಕಡೆ ಚಾಚಿತ್ತು. ಮೊನ್ನೆ ಗೋಡೆಯ ಸೀರೆಯ ಮೇಲೆ ಇಟ್ಟ ಅದೇ ಬೆರಳು.

ಜವಾಬು ಕೊಡಬೇಕೆಂದು ಬಾಯಿ ತೆರೆದೆ. "ಇಲ್ಲೇ ಅದೀನ್ರೀ" ಅನ್ನಬೇಕಿತ್ತು. ನನಗೇ ಮಾತು ಹೊರಡಲಿಲ್ಲ. ಹಗ್ಗ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತೆ. ಹಿಂದಿನ ಹೆಂಗಸು ಏನಾಯಿತೋ ಅಂತ ಗಾಬರಿಯಾದಳು, ಮುಂದಿನವನು ಹಗ್ಗ ಬಿಡಬೇಡ ಅಂತ ಬೈದ. ಪ್ರಶಾಂತಿ "ಕಾಕಾ! ಕಾಕಾ ಮಾತಾಡಿದ್ರು!" ಅಂತ ಚೀಲ ಬಿಸಾಕಿ ಓಡಿದಳು.

ಇವರಿಗೆ ಅದ್ಯಾವುದೂ ಬೇಕಿರಲಿಲ್ಲ. ಬಲೆ ವಾಲುತ್ತಿತ್ತು.

"ಎಳಿ" ಅಂದರು ಮತ್ತೆ.

ಎಳೆದೆ.

ಫೆಬ್ರವರಿ 19, ಬುಧವಾರ

ಸಂಜೆಯ ರೈಲಿಗೆ ಹೊರಡುತ್ತೇವೆ. ಚೀಲ ಕಟ್ಟಾಗಿದೆ.

ಆ ಇಡೀ ಬೈಗುಳ ಮತ್ತೆ ಬರಲಿಲ್ಲ. ಈಗ ಇವರ ಹತ್ತಿರ ಇರುವುದು ಒಂದೇ ಮಾತು. ನೀರು ಬೇಕಾದರೆ, ಎಳಿ. ಫ್ಯಾನು ಆರಿಸಬೇಕಾದರೆ, ಎಳಿ. ಸಾರಿಗೆ ಉಪ್ಪು ಸಾಲದಿದ್ದರೂ ಎಳಿ. ನಿನ್ನೆ ಶ್ರೀನು ಬಂದು "ಬಾಗುನ್ನಾರಾ ಬಾಬಾಯ್?" ಅಂತ ಕ್ಷೇಮ ಕೇಳಿದರೆ ಗತ್ತಿನಿಂದ "ಎಳಿ" ಅಂದರು. ಅವನು ಅರ್ಥವಾದವನಂತೆ ತಲೆಯಾಡಿಸಿದ. ಫೋನಿನಲ್ಲಿ ಮಾತಾಡಿದ ಮೇಡಂ ಇದು ಒಳ್ಳೆಯ ಲಕ್ಷಣ, ಉಳಿದದ್ದು ಬರಬಹುದು, ಬರದೆಯೂ ಇರಬಹುದು ಅಂದರು. ಈ ಮೇಡಂ ಕೂಡ ಆ ಡಾಕ್ಟರು ಓದಿದ ಶಾಲೆಯಲ್ಲೇ ಓದಿದ್ದಾರೆ.

ರಜಿತಾಗೆ ಫೋನು ಹಚ್ಚಿ ಇವರ ಕೈಗೆ ಕೊಟ್ಟೆ. ಅಪ್ಪನ "ಎಳಿ" ಕೇಳಿ ಹುಡುಗಿ ಬಹಳ ಹೊತ್ತು ಅತ್ತಳು. ಆಮೇಲೆ ನಾನು ತೆಗೆದುಕೊಂಡೆ.

"ಬಾಲರಾಜ ಮಾಮಾಗ ಬ್ಯಾಡ ಅಂತ ಹೇಳು. ಗುಂಡಿ ಮುಚ್ಚಬ್ಯಾಡ್ರಿ."

"ಅಪ್ಪಗ ಬಲಗೈ ಇನ್ನಾ ಸರಿ ಇಲ್ಲಲ್ಲವ್ವಾ. ನೇಯೋರ್ಯಾರು?"

"ಗುಂಡ್ಯಾಗ ನಾ ಕೂಡತೀನಿ. ನಿಮ್ಮಪ್ಪ ದಡಿ ಕಡೆ ಕೂಡತಾರ."

"ನಿನಗ ಒಡಲು ನೇಯಾಕ ಎಲ್ಲಿ ಬರತೈತಿ?"

"ಬರಂಗಿಲ್ಲ. ಅದಕ್ಕ ಬೈತಾರ."

ಸೇಬು, ಕೊಡೆ, ಬೆಕ್ಕನ್ನೆಲ್ಲ ಪ್ರಶಾಂತಿಯ ಮೇಜಿನ ಮೇಲೆ ಬಿಟ್ಟಿದ್ದೇನೆ. ಅವಳ ಗೆಸ್ಟುಗಳ ಮಕ್ಕಳು ಆಡಿಕೊಳ್ಳಲಿ. ಈ ಸಮುದ್ರದ ಬಗ್ಗೆ ಎರಡು ಒಳ್ಳೆಯ ಮಾತು ಬರೆದು ಡೈರಿ ಮುಚ್ಚೋಣ ಅಂತ ಕೂತಿದ್ದೆ. ಒಳಗಿನಿಂದ ಕೂಗುತ್ತಿದ್ದಾರೆ. ಚಪ್ಪಲಿ ಸಿಗಲಿಲ್ಲವೋ, ಅಂಗಿಯ ಗುಂಡಿ ಹಾಕಬೇಕೋ, ಹೊತ್ತಾಯಿತು ಅನ್ನುತ್ತಿದ್ದಾರೋ, ಎಲ್ಲದಕ್ಕೂ ಅದೊಂದೇ ಮಾತು.

ಇಲ್ಲೇ ಅದೀನ್ರೀ. ಬಂದೆ.